ಕವಡೆ ಒಗೆದರೆ ಕಥೆ ಅರ್ಥಾತ್ ಗೌಡ್ರ ಗಣಕಯಂತ್ರ

ತಾನಾಗಿ ಕಥೆ ಕಟ್ಟುವ ಯಂತ್ರದ ಬಗ್ಗೆ ಎಲ್ಲರೂ ಮಾತಾಡುತ್ತಿರುವಾಗ, ಬಾಗಲಕೋಟೆ ಜಿಲ್ಲೆಯ ಏಕೈಕ ತಜ್ಞನಾದ (ಬೇರೆ ಯಾರೂ ಅರ್ಜಿ ಹಾಕಿಲ್ಲ) ನಾನು ಸುಮ್ಮನಿರುವುದು ಸರಿಯಲ್ಲ.

ಕಥೆ ಕಟ್ಟಲು ಗಣಕವೇ ಬೇಕಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಮೇಜಿನ ಸುತ್ತ ಕೂತವರು ಒಂದೊಂದು ಪಾತ್ರವಾಗುತ್ತಾರೆ. ದಾಳ ಬಿದ್ದಂತೆ ಕಥೆ ಸಾಗುತ್ತದೆ. ಅದೇ ವರ್ಷ ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿಯವರ ನಾಟಕ ‘ಸಂಪತ್ತಿಗೆ ಸವಾಲ್’ ರಾಜಕುಮಾರ್ ಸಿನಿಮಾ ಆಯಿತು. ಇದನ್ನು ಕಾಕತಾಳೀಯ ಎನ್ನುವವರು ಸಂಶೋಧಕರಲ್ಲ.

ಪುರಾಣಕಾಲದಲ್ಲಿ ಬಾದಾಮಿಯ ರಾಕ್ಷಸ ಇಲ್ವಲ ಇಂಥದೇ ಕಥೆಯಾಟ ಆಡಿಸುತ್ತಿದ್ದ. ತಮ್ಮ ವಾತಾಪಿಯನ್ನು ಟಗರು ಮಾಡಿ ಅತಿಥಿಗೆ ಉಣಿಸುವುದು, ಆಮೇಲೆ ಹೆಸರು ಹಿಡಿದು ಕರೆಯುವುದು, ಅವನು ಹೊಟ್ಟೆ ಸೀಳಿಕೊಂಡು ಬರುವುದು. ಪ್ರತಿ ಸಲ ಅದೇ ಕಥೆ. ಅಗಸ್ತ್ಯ ಅರಗಿಸಿಕೊಂಡ ಮೇಲಷ್ಟೇ ಕಥೆಗೆ ತಿರುವು ಬಂತು. ಊರವರು ಕೆರೆಗೆ ಅಗಸ್ತ್ಯನ ಹೆಸರನ್ನೇ ಇಟ್ಟಿದ್ದಾರೆ.

ಇಂಥ ಕಥೆಯಂತ್ರವನ್ನು ಪೂರ್ಣವಾಗಿ ನೋಡಬೇಕೆಂದರೆ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಬರಬೇಕು. ಅಲ್ಲಿಯ ನಾಟಕ ಕಂಪನಿಗಳಿಗೆ ಬೇಕಾಗುವ ಸಾಮಾನು ಇಷ್ಟೇ: ಒಬ್ಬ ಗೌಡ, ಅವನ ಮೀಸೆ, ಸಾಲದ ಕಾಗದ, ಬಡವರ ಮಗ, ತವರಿಲ್ಲದ ತಂಗಿ, ಒಬ್ಬ ಹಾಸ್ಯದವ. ದಾಳದ ಬದಲು ಪ್ರೇಕ್ಷಕರ ಸಿಳ್ಳು. ಹಾಸ್ಯದವನಿಗೆ ಸಿಳ್ಳು ಜೋರು ಬಿದ್ದರೆ ಗೌಡನ ಸಾವು ಅರ್ಧ ತಾಸು ಮುಂದಕ್ಕೆ ಹೋಗುತ್ತದೆ. ನಾಟಕಕ್ಕೆ ಎರಡು ಹೆಸರು ಬಂದರೆ ನಡುವೆ ‘ಅರ್ಥಾತ್’ ಹಾಕುತ್ತಾರೆ. ಇಳಕಲ್ ಮಗ್ಗದಲ್ಲಿ ಮೈಯ ಹಾಸಿಗೂ ಸೆರಗಿನ ಹಾಸಿಗೂ ಕುಣಿಕೆ ಹಾಕಿ ಕೂಡಿಸುವ ಕೊಂಡಿ ಇದೆಯಲ್ಲ, ಅದೇ ತಂತ್ರಜ್ಞಾನ. ಹಾಸಿನ ಕೊಂಡಿ ಮಾತ್ರ ಬಿಚ್ಚುವುದಿಲ್ಲ.

ನನ್ನ ಸ್ವಂತ ಪ್ರಯೋಗ ಇಳಕಲ್‌ನ ಒಂದು ಕಟ್ಟೆಯ ಮೇಲೆ ನಡೆಯಿತು. ಚೌಕಾಬಾರದ ನಾಲ್ಕು ಕವಡೆ, ನಾಲ್ವರು ಹಿರಿಯರು. ಚೌಕ ಬಿದ್ದರೆ ಗೌಡ ಸಾಲ ಬಿಡುತ್ತಾನೆ, ಬಾರಾ ಬಿದ್ದರೆ ತಂಗಿ ಬಾವಿಗೆ ಬೀಳುತ್ತಾಳೆ. ಬಾರಾ ಬಿದ್ದವರಿಗೆ ಮತ್ತೊಂದು ಎಸೆತ ಎಂಬ ಹಳೇ ನಿಯಮ ತೆಗೆಯಲು ಮರೆತಿದ್ದೆ. ತಂಗಿ ಬಾವಿಯಿಂದ ಮೇಲೆ ಬರದೆಯೇ ಎರಡನೇ ಸಲ ಬಿದ್ದಳು. ನಡೆದದ್ದನ್ನು ಮರೆಯುವುದು ಯಂತ್ರಗಳನ್ನೂ ಕಾಡುವ ಜಾಗತಿಕ ಸಮಸ್ಯೆ ಎಂದು ವಿವರಿಸತೊಡಗಿದೆ.

“ಅದಿರಲಿ ತಮ್ಮಾ,” ಅಂದರು ಒಬ್ಬ ಅಜ್ಜ, “ಆಕಿ ಬೀಳಾಕ ಬಾವ್ಯಾಗ ನೀರರ ಎಲ್ಲೈತಿ?”

ನಿಯಮ ತಿದ್ದಿದ್ದೇನೆ. ಈಗ ಬಾರಾ ಬಿದ್ದರೆ ತಂಗಿ ಬಾವಿಯ ದಂಡೆಯ ಮೇಲೆ ಕೊಡ ಇಟ್ಟುಕೊಂಡು ಟ್ಯಾಂಕರ್‌ಗೆ ಕಾಯುತ್ತಾಳೆ.