ಕೆಂಡಕ್ಕೂ ಬುಕಿಂಗ್

ಪುಣೆಯ ವಾಕಡ, ಬಾಣೇರ, ಹಿಂಜವಡಿ ಕಡೆಯ ಗಗನಚುಂಬಿ ಕಟ್ಟಡಗಳ ಕನ್ನಡ ಮನೆಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಸಕ್ಕರೆ ನಿಷಿದ್ಧ. ಅಪ್ಪನ ಚಹಾಕ್ಕೆ ಇಲ್ಲವೇ ಇಲ್ಲ, ಅವ್ವನ ಚಹಾಕ್ಕೆ ಸ್ಟೀವಿಯಾ ಗುಳಿಗೆ. ಊರಿಂದ ಬಂದ ಆಯಿ ತಂದ ಶೇಂಗಾ ಹೋಳಿಗೆಯ ಡಬ್ಬಿ ಫ್ರಿಜ್ಜಿನ ತಲೆಯ ಮೇಲೆ ಆರೋಪಿಯಾಗಿ ಕೂತಿರುತ್ತದೆ. ಶನಿವಾರ ಬಂತೆನ್ನಿ, ಅದೇ ಕುಟುಂಬ ಕಾರು ಹತ್ತಿ ಪವನಾ ದಂಡೆಗೆ ಹೋಗುತ್ತದೆ. ತಲೆಗಿಷ್ಟು ಎಂದು ರೊಕ್ಕ ಎಣಿಸಿಕೊಟ್ಟು, ಸಕ್ಕರೆಯ ಉಂಡೆಯನ್ನು ಕಡ್ಡಿಗೆ ಚುಚ್ಚಿ ಬೆಂಕಿಗೆ ಹಿಡಿಯುತ್ತದೆ. ಇದು ಫ್ಯಾಮಿಲಿ ಟೈಮ್. ಇದರಲ್ಲಿ ಕ್ಯಾಲರಿ ಇರುವುದಿಲ್ಲ.

ಪವನಾ ಎಂದರೆ ಕೆರೆಯಲ್ಲ, ಮಾವಳ ತಾಲೂಕಿನ ಅಣೆಕಟ್ಟೆಯ ಹಿನ್ನೀರು. ಪಿಂಪ್ರಿ-ಚಿಂಚವಡದ ನಲ್ಲಿಗೆ ಬರುವುದು ಇದೇ ನೀರು. ಸುತ್ತ ತಿಕೋನಾ, ತುಂಗ, ಲೋಹಗಡದಂಥ ಕೋಟೆಗಳು. ದಂಡೆಯ ಮೇಲೆ ಸಾಲು ಸಾಲು ಡೇರೆ, ಡೇರೆಯ ಮುಂದೆ ಬಣ್ಣದ ದೀಪದ ಸರ, ಅದರ ಮುಂದೆ ಸ್ಪೀಕರು. ಬೆಂಕಿ ಪ್ಯಾಕೇಜಿನಲ್ಲೇ ಬರುತ್ತದೆ. ಅದನ್ನು ಹಚ್ಚುವವನು ಅಲ್ಲಿಯ ಹಳ್ಳಿಯ ಹುಡುಗ. ಅವನ ಅಜ್ಜನ ಹೊಲ ಇದೇ ನೀರಿನ ತಳದಲ್ಲಿ ಇದ್ದರೂ ಇದ್ದೀತು. ಹೊಲ ಮುಳುಗಿದವರ ಪುನರ್ವಸತಿಯ ಜಗಳ ದಶಕಗಟ್ಟಲೆ ಎಳೆದಾಡಿತು. ನಮ್ಮವರು ಅದನ್ನು ಕೇಳುವುದಿಲ್ಲ. ಅವರು ಕೇಳುವುದು ಚಾರ್ಜಿಂಗ್ ಪಾಯಿಂಟ್ ಎಲ್ಲಿದೆ ಎಂದು.

ಅಂದಹಾಗೆ ಈ ಸುಟ್ಟ ಸಕ್ಕರೆಗೂ ಒಂದು ಪುರಾಣವಿದೆ. ಅಮೆರಿಕದ ಗರ್ಲ್ ಸ್ಕೌಟ್‌ಗಳ 1927ರ ಪುಸ್ತಕವೊಂದರಲ್ಲಿ ಇದನ್ನು ಬಿಸ್ಕಿಟಿನ ನಡುವೆ ಇಟ್ಟು ತಿನ್ನುವ ವಿಧಾನ ಅಚ್ಚಾಯಿತು: ಎರಡು ಗ್ರಹಾಂ ಬಿಸ್ಕಿಟು, ನಡುವೆ ಚಾಕೊಲೇಟು, ಅದರ ಮೇಲೆ ಬಿಸಿ ಮಾರ್ಷ್‌ಮೆಲೋ. ಗ್ರಹಾಂ ಎಂಬಾತ ಹತ್ತೊಂಬತ್ತನೆಯ ಶತಮಾನದ ಧರ್ಮಪ್ರಚಾರಕ. ಸಪ್ಪೆ ತಿಂದರೆ ಕಾಮನೆಗಳು ತಣ್ಣಗಾಗುತ್ತವೆ ಎಂದು ಬೋಧಿಸಿದ ಪುಣ್ಯಾತ್ಮ. ಅವನ ಹೆಸರಿನ ಬಿಸ್ಕಿಟಿನ ನಡುವೆಯೇ ಜಗತ್ತು ಚಾಕೊಲೇಟು ಇಟ್ಟಿತು. ಪುಣೆಯಲ್ಲಿ ಆ ಬಿಸ್ಕಿಟು ಸುಲಭಕ್ಕೆ ಸಿಗದ್ದರಿಂದ ಪಾರ್ಲೆ-ಜಿ ನಡೆಯುತ್ತದೆ. ಸ್ಥಳಾಭಿಮಾನ ಹೆಚ್ಚಿದ್ದವರು ಶ್ರೂಸ್‌ಬರಿ ತರುತ್ತಾರೆ. ಅದು ಬೆಂಕಿಯ ಹತ್ತಿರ ಹೋಗುವ ಮೊದಲೇ ಡಬ್ಬಿಯಲ್ಲಿ ಖಾಲಿಯಾಗಿರುತ್ತದೆ.

ತೊಡಕು ಬರುವುದು ಮಾರ್ಷ್‌ಮೆಲೋದ್ದು. ಅದರಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ, ಜೆಲಾಟಿನ್ ಬರುವುದು ಪ್ರಾಣಿಗಳ ಚರ್ಮ, ಮೂಳೆಯಿಂದ. ಹೀಗಾಗಿ ನಕ್ಷತ್ರ ನೋಡಲು ಅಷ್ಟು ದೂರ ಬಂದ ಮಂದಿ ಮೊಬೈಲಿನ ಟಾರ್ಚು ಹಿಡಿದು ಪೊಟ್ಟಣದ ಮೇಲೆ ಹಸಿರು ಚುಕ್ಕಿ ಹುಡುಕುತ್ತಾರೆ.

"ಏನ್ರ‍್ಯೋ ಇದು, ಹತ್ತಿ ಉಂಡಿ ಸುಡಾಕ ಹತ್ತೀರಲ್ಲ?"

"ಹತ್ತಿ ಅಲ್ಲ ಆಯಿ, ಮಾರ್ಷ್‌ಮೆಲೋ."

"ಎದರಿಂದ ಮಾಡ್ತಾರ?"

ಒಂದು ಕ್ಷಣ ಎಲ್ಲರೂ ಬೆಂಕಿ ನೋಡುತ್ತಾರೆ. "ಸಕ್ರೀಲೆ, ಆಯಿ."

ಇನ್ನು ಕ್ಯಾಂಪಿನ 'ಸುಲಭ ಸಿಹಿ' ಎಂಬ ಮಾತಿನ ಗತ್ತು ನೋಡಬೇಕು. ಬಾಳೆಹಣ್ಣನ್ನು ಸಿಪ್ಪೆ ಸಮೇತ ಸೀಳಿ, ಚಾಕೊಲೇಟು ತುಂಬಿ, ಫಾಯಿಲ್ ಸುತ್ತಿ ಕೆಂಡದಲ್ಲಿಡುವುದು. ಅದಕ್ಕೆ ಫಾಯಿಲ್ ಬೇಕು, ಚಾಕೊಲೇಟ್ ಚಿಪ್ಸ್ ಬೇಕು, ಉದ್ದದ ಇಕ್ಕಳ ಬೇಕು, ಕೈಗವಸು ಬೇಕು, ಚಾಕೊಲೇಟು ಕರಗದಂತೆ ಒಯ್ಯಲು ಐಸಿನ ಪೆಟ್ಟಿಗೆ ಬೇಕು. ಅದನ್ನು ಕರಗಿಸುವುದಕ್ಕೇ ಅಲ್ಲವೇ ಒಯ್ಯುತ್ತಿರುವುದು ಎಂದು ಕೇಳುವವನಿಗೆ ಮುಂದಿನ ವಾರ ಕರೆಯಿಲ್ಲ. ಮನೆಯಲ್ಲಿ ಹದಿನೈದು ನಿಮಿಷದಲ್ಲಿ ಆಗುವ ಶಿರಾ ಮಾತ್ರ ಕಷ್ಟದ ಕೆಲಸ, ಅದನ್ನು ಮೊಬೈಲಿನಲ್ಲಿ ತರಿಸಬೇಕು.

ಚಳಿ ಬಲಿತಂತೆ ಪುಣೆಯ ಕುಟುಂಬಗಳಿಗೆ ದೇಸಿತನ ನೆನಪಾಗುತ್ತದೆ. ಆಗ ಹುರ್ಡಾ ಪಾರ್ಟಿ. ನಗರ ರಸ್ತೆ, ಸೋಲಾಪುರ ರಸ್ತೆಯ ತೋಟಗಳಲ್ಲಿ ಹಸಿ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಉಜ್ಜಿ, ಬೆಲ್ಲ, ಶೇಂಗಾ ಚಟ್ನಿ, ಮೊಸರಿನ ಜೊತೆ ಕೊಡುತ್ತಾರೆ. ಕೆಂಡದ ಗುಂಡಿಗೆ ಆಗಟಿ ಎನ್ನುತ್ತಾರೆ. ಹುರ್ಡಾಕ್ಕೆಂದೇ ಗುಳಭೇಂಡಿ ಎಂಬ ತಳಿಯಿದೆ. ಕಾಳಿನೊಳಗಿನ ಸಕ್ಕರೆ ಇನ್ನೂ ಪಿಷ್ಟವಾಗದ ನಾಲ್ಕಾರು ದಿನ ಮಾತ್ರ ಆ ಸವಿ, ಆಮೇಲೆ ಅದು ಬರೀ ಜೋಳ. ಭೂಮಿಯ ಈ ಮೊಂಡುತನಕ್ಕೂ ತೋಟದವರು ಮದ್ದು ಕಂಡುಕೊಂಡಿದ್ದಾರೆ: ಹಂತಹಂತವಾಗಿ ಬಿತ್ತಿದರೆ ಪ್ರತಿ ಶನಿವಾರಕ್ಕೂ ಒಂದು ಹಾಲುತೆನೆ ಸಿದ್ಧ. ಮೇಲೆ ಎತ್ತಿನ ಗಾಡಿ ಸವಾರಿ, ಜೋಕಾಲಿ, ಪಿಠಲಾ-ಭಾಕರಿ, ಕೆಲವೆಡೆ ರೇನ್ ಡ್ಯಾನ್ಸು. ಬರಗಾಲದ ತಾಲೂಕುಗಳಲ್ಲಿ ಬಾಡಿಗೆ ಮಳೆ!

ತಕರಾರು ತೋಟದವರ ಮೇಲಲ್ಲ, ಅವರು ಜಾಣರು. ತಕರಾರು ಇರುವುದು ಸರದಿಯಲ್ಲಿ ನಿಂತ ನಮ್ಮ ಕನ್ನಡದ ಮಂದಿಯ ಮೇಲೆ. ವಿಜಯಪುರದ ಕಡೆಯವರು ಸೀತನಿ ಎಂದೂ ಕಲಬುರಗಿಯವರು ಬೆಳಸಿ ಎಂದೂ ತಿಂದು ಬೆಳೆದದ್ದು ಇದನ್ನೇ. ಎಳ್ಳ ಅಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೋಗಿ, ಚರಗ ಚೆಲ್ಲಿ, ಸಜ್ಜೆ ಕಡುಬು ಉಂಡ ಹೊಲದಲ್ಲಿಯೇ ಮುಂದೆ ಸೀತನಿಯನ್ನೂ ಸುಡುತ್ತಿದ್ದರು. ಸುಡುವವರು ದೊಡ್ಡವರು, ಬಿಸಿ ತೆನೆ ಅಂಗೈಯಲ್ಲಿ ತಿಕ್ಕುವವರು ಹೆಂಗಸರು, ಊದಿ ಊದಿ ತಿನ್ನುವವರು ಹುಡುಗರು; ಅಂಗೈ ಕಪ್ಪಾಗುವುದು ಬಿಟ್ಟರೆ ಬೇರೆ ಖರ್ಚಿರಲಿಲ್ಲ. ಇದೇ ಮಂದಿ ಪುಣೆಗೆ ಬಂದ ಹೊಸದರಲ್ಲಿ ಮಕ್ಕಳ ಟಿಫಿನ್ನಿಗೆ ಜೋಳದ ರೊಟ್ಟಿ ಕಟ್ಟಲು ನಾಚಿದವರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲೆ ಜೋಳಕ್ಕೆ ಮನೆಯೊಳಗೆ ಪ್ರವೇಶ ಸಿಕ್ಕಿತು, ಅದೂ ಕುಕೀಸಿನ ವೇಷದಲ್ಲಿ. ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಸಂಗೀತೋತ್ಸವಕ್ಕೆ ಹೋದಾಗ ಪಕ್ಕದವರಿಗೆ 'ಭೀಮಸೇನ ಜೋಶಿ ನಮ್ಮ ಗದಗಿನವರು' ಎಂದು ಹೇಳದೆ ಬಿಡುವುದಿಲ್ಲ. ಮಾರನೆಯ ದಿನ ಹುರ್ಡಾ ತಟ್ಟೆಯ ಮುಂದೆ ಕೂತು ಮಕ್ಕಳಿಗೆ ಹೇಳುತ್ತಾರೆ: "ನೋಡ್ರಿ, ಇದು ಮಹಾರಾಷ್ಟ್ರದ ಸ್ಪೆಷಲ್."

ಜನವರಿಯ ಒಂದು ಸಂಜೆ ಇಂಡಿ ತಾಲೂಕಿನಿಂದ ತಮ್ಮನ ಫೋನು ಬರುತ್ತದೆ.

"ಅಣ್ಣಾ, ಸೀತನಿ ಬಂದಾವ. ಈ ಆಯ್ತವಾರ ಎಲ್ಲಾರೂ ಬರ‍್ರಿ. ಮುಂದಿನ ವಾರಕ್ಕ ಬಲೀತಾವ ಮತ್ತ."

"ಈ ಆಯ್ತವಾರ ಆಗೂದಿಲ್ಲೋ ತಮ್ಮಾ. ಹುರ್ಡಾ ಪಾರ್ಟಿ ಬುಕ್ ಮಾಡೀವಿ. ರೊಕ್ಕ ವಾಪಸ್ ಕೊಡಂಗಿಲ್ಲಂತ."

"ಎಷ್ಟ ತಗೋತಾರ?"

"ತಲೀಗೆ ಸಾವಿರ."

"ನಾಲ್ಕ ಮಂದಿಗೆ ಅಂದ್ರ ಒಂದು ಕ್ವಿಂಟಲ್ ಜ್ವಾಳದ ರೊಕ್ಕ ಆತಲ್ಲಣ್ಣಾ."

"ಎತ್ತಿನ ಗಾಡೀನೂ ಅದರಾಗ ಬರ‍್ತೈತೋ."

ತಮ್ಮ ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. ಆಮೇಲೆ ಕೇಳುತ್ತಾನೆ: "ಅಣ್ಣಾ, ಆ ಹುರ್ಡಾ ಪಾರ್ಟಿ ಅನ್ನೋ ಬೋರ್ಡು ಎಲ್ಲಿ ಬರೆಸ್ಯಾರ ಕೇಳ್ಕೊಂಡ ಬಾ. ಎತ್ತ ಹ್ವಾದ ವರ್ಷ ಮಾರೀನಿ, ಅವನ್ನ ಬಾಡಿಗಿಗೆ ತರಬಹುದು."