ಪ್ರತ್ಯಸ್ತ್ರಪತ್ರ ಮೀಮಾಂಸೆ, ಅಥವಾ ಹೊಳೆಹೊನ್ನೂರಿನಲ್ಲಿ ಎಲೆ ಇಳಿಸುವ ಕ್ರಮ

ಅನುಬಂಧ. ಶಾಸ್ತ್ರವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳನ್ನು ಮೊದಲೇ ಹೇಳಿಬಿಡಬೇಕು. ಅಧಿಕಾರಿ: ಪರೀಕ್ಷೆ ಮುಗಿದು ಫಲಿತಾಂಶ ಬಾರದ ಹುಡುಗ. ವಿಷಯ: ಎದುರಾಳಿಯ ಮಂತ್ರವನ್ನು ರದ್ದು ಮಾಡುವ ಜೋಡಿ ಎಲೆಗಳು. ಸಂಬಂಧ: ಎಲೆಗಳ ಬೆಲೆ ತಿಳಿದ ತಂದೆಯೊಡನೆ ಸದ್ಯಕ್ಕೆ ಕೆಟ್ಟಿದೆ. ಪ್ರಯೋಜನ: ಹುಡುಕಲಾಗುತ್ತಿದೆ. ದ್ವೈತಮತದ ಸತ್ಯಧರ್ಮತೀರ್ಥರ ವೃಂದಾವನವಿರುವ ಹೊಳೆಹೊನ್ನೂರಿನಲ್ಲಿ ಎರಡನ್ನು ಒಂದೇ ಎಂದು ಸಾಧಿಸಿ ಪಾರಾಗುವಂತಿಲ್ಲ. ಆದ್ದರಿಂದ ಜೋಡಿಯ ವಿಚಾರಕ್ಕೆ ಇದೇ ತಕ್ಕ ಊರು.

ಶಂಕೆ. ಎಲೆಯಾಟಕ್ಕೂ ಶಾಸ್ತ್ರವೇ? ಹೌದು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಗಂಜೀಫಾ ಎಲೆಗಳಿಗೆ ಸ್ಥಾನವಿದೆ. 120 ಎಲೆಗಳ ದಶಾವತಾರ ಗಂಜೀಫಾದಲ್ಲಿ ಅಂಕಿ ಎಲೆಗಳ ಪೈಕಿ ಅರ್ಧ ಅವತಾರಗಳಿಗೆ ಹತ್ತು ದೊಡ್ಡದು, ಉಳಿದರ್ಧಕ್ಕೆ ಒಂದು ದೊಡ್ಡದು. ಇಷ್ಟನ್ನು ನೆನಪಿಟ್ಟು ಆಡಿದ ನಾಡಿಗೆ ಮುಂದಿನದು ಕಷ್ಟವಲ್ಲ.

ಪೂರ್ವಪಕ್ಷ. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಮಂತ್ರಗಳ ಎಲೆಯಾಟ 1993ರಲ್ಲಿ ಬಂತು. ಮೊದಲ ಕಂತಿನಲ್ಲೇ ರೆಡ್ ಎಲಿಮೆಂಟಲ್ ಬ್ಲಾಸ್ಟ್, ಬ್ಲೂ ಎಲಿಮೆಂಟಲ್ ಬ್ಲಾಸ್ಟ್ ಎಂಬ ಜೋಡಿ. ಕೆಂಪು ನೀಲಿಯನ್ನು ರದ್ದು ಮಾಡುತ್ತದೆ, ನೀಲಿ ಕೆಂಪನ್ನು. ಖರ್ಚು ಎರಡಕ್ಕೂ ಒಂದೊಂದು ಮಾನಾ, ಅಂದರೆ ಮಂತ್ರ ಹಾಕಲು ತೆರುವ ಶಕ್ತಿ. 1995ರಲ್ಲಿ ಬಂದ ಪೈರೋಬ್ಲಾಸ್ಟ್ ಇನ್ನೂ ಸೂಕ್ಷ್ಮ: ಯಾವ ಮಂತ್ರಕ್ಕೆ ಬೇಕಾದರೂ ಗುರಿಯಿಡಬಹುದು, ಅದು ನೀಲಿಯಾಗಿದ್ದರೆ ಮಾತ್ರ ರದ್ದು. ಹಸಿರಿನ ಮೇಲೆ ಬಿಟ್ಟರೆ ಎಲೆಯೂ ಹೋಯಿತು, ಮಾನಾವೂ ಹೋಯಿತು, ಫಲವಿಲ್ಲ. ನಿಷ್ಕಾಮಕರ್ಮಕ್ಕೆ ಇಷ್ಟು ಶುದ್ಧ ಉದಾಹರಣೆ ಬೇರೆ ಸಿಗದು.

ದೋಷನಿರೂಪಣೆ. ಮೊದಲನೆಯದು ವ್ಯರ್ಥತಾದೋಷ: ಎದುರಾಳಿ ಆ ಬಣ್ಣವನ್ನೇ ಆಡದಿದ್ದರೆ ಎಲೆ ಕೈಯಲ್ಲೇ ಕೊಳೆಯುತ್ತದೆ. ಎರಡನೆಯದು ಪ್ರತಿಬಿಂಬದೋಷ: ಕೆಂಪೆಂದರೆ ಬೆಂಕಿ, ನೀಲಿಯೆಂದರೆ ನೀರು. ನೀರು ಬೆಂಕಿಯನ್ನು ಆರಿಸುವುದು ಪ್ರತ್ಯಕ್ಷಪ್ರಮಾಣ; ಬೆಂಕಿ ಊರ ಹೊಳೆ ಭದ್ರೆಯನ್ನು ಆರಿಸಿದ್ದನ್ನು ಯಾರೂ ಕಂಡಿಲ್ಲ. ‘ಬೇಸಿಗೆಯಲ್ಲಿ ಹೊಳೆ ಸೊರಗುವುದಿಲ್ಲವೇ?’ ಎಂದರೆ, ಆ ಪುಣ್ಯ ಬೆಂಕಿಗಿಂತ ಲಕ್ಕವಳ್ಳಿಯ ಅಣೆಕಟ್ಟಿಗೇ ಹೆಚ್ಚು ಸಲ್ಲಬೇಕು.

ಸಿದ್ಧಾಂತ. ಕರ್ಣಪರ್ವವೇ ಪ್ರಮಾಣ. ಅರ್ಜುನ ಆಗ್ನೇಯಾಸ್ತ್ರ ಬಿಟ್ಟ. ಕರ್ಣ ವಾರುಣದಿಂದ ಆರಿಸಿದ. ಅರ್ಜುನ ಮತ್ತೆ ಬೆಂಕಿಯನ್ನೇ ಹಚ್ಚುತ್ತ ಕೂರಲಿಲ್ಲ, ವಾಯವ್ಯದಿಂದ ಮೋಡವನ್ನೇ ಚದುರಿಸಿದ. ಅಂದರೆ ಪ್ರತ್ಯಸ್ತ್ರಗಳು ಕನ್ನಡಿಯ ಎದುರುಬದುರಲ್ಲ, ಸರಪಳಿ. ಅದೇ ಅರ್ಜುನ ಹಸ್ತಿನಾವತಿಯಲ್ಲಿ ವಿದ್ಯಾಪ್ರದರ್ಶನದ ದಿನ ಶತ್ರುವೇ ಇಲ್ಲದೆ ಬೆಂಕಿ ಹಚ್ಚಿ, ನೀರು ಸುರಿಸಿ ತೋರಿಸಿದ್ದ. ಆದ್ದರಿಂದ ಎದುರಾಳಿಯ ಬಣ್ಣ ಯಾವುದಾದರೂ ಎಲೆಗೆ ಸ್ವಂತ ಕಸುಬಿರಬೇಕು. ಇನ್ನು ಸೂತ್ರಗಳು:

1. ವಾರುಣ: ಕೆಂಪು ಮಂತ್ರವನ್ನು ರದ್ದು ಮಾಡು. ಬೆಂಕಿಯಿಲ್ಲದಿದ್ದರೆ ಭದ್ರಾ ನಾಲೆಗೆ ನೀರು ಬಿಡು, ಎರಡು ಎಲೆ ಎಳೆದುಕೊ. ನಾಲೆಯ ಕೊನೆಯ ಗದ್ದೆಯವನಿಗೆ ಒಂದೇ ಎಲೆ.

2. ವಾಯವ್ಯ: ನೀಲಿ ಮಂತ್ರವನ್ನು ಚದುರಿಸು. ಅಥವಾ ಎದುರಾಳಿಯ ಕೈಯಿಂದ ಒಂದು ಎಲೆ ಹಾರಿಸು. ಫ್ಯಾನಿನ ಕೆಳಗೆ ಕೂತು ಆಡುವವರಿಗೆ ಇದು ಉಚಿತ.

3. ಆಗ್ನೇಯ: ಯಾವುದನ್ನೂ ರದ್ದು ಮಾಡುವುದಿಲ್ಲ, ಸುಡುತ್ತದೆ. ಸುಡುವವನಿಗೆ ಆಕ್ಷೇಪಿಸುವ ವ್ಯವಧಾನವಿಲ್ಲ ಎಂಬುದು ಲೋಕಾನುಭವ.

4. ನಾಳೆ ಬಾ: ಬಣ್ಣಭೇದವಿಲ್ಲ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಬಾಗಿಲುಗಳ ಮೇಲೆ ಬರೆದಿದ್ದ ಈ ಮಂತ್ರವನ್ನು ಓದಿ ದೆವ್ವ ಹಿಂದಿರುಗುತ್ತಿತ್ತು, ಮರುದಿನ ಬಂದು ಮತ್ತೆ ಓದುತ್ತಿತ್ತು. 1995ರ ಮೆಮೊರಿ ಲ್ಯಾಪ್ಸ್ ಎಂಬ ಎಲೆ ಮಾಡುವುದೂ ಇದನ್ನೇ: ರದ್ದಾದ ಮಂತ್ರ ಒಡೆಯನ ಕಟ್ಟಿನ ಮೇಲ್ತುದಿಗೆ ಹೋಗಿ, ಅವನ ಮುಂದಿನ ಸರದಿಗೆ ಪುನಃ ಕೈಸೇರುತ್ತದೆ. ನಮ್ಮ ಸುಧಾರಣೆ ಇಷ್ಟೇ: ಬರೆದದ್ದನ್ನು ಅಳಿಸುವವರೆಗೆ ಎಲೆ ಖರ್ಚಾಗದು. ದೆವ್ವಕ್ಕೆ ಅಕ್ಷರ ಬರುವುದು ಕಡ್ಡಾಯ.

ಪರಿಹಾರ. ಇಬ್ಬರೂ ನಾಲ್ಕನೆಯದನ್ನೇ ಇಳಿಸಿದರೆ ಆಟ ಎಂದೂ ಮುಗಿಯುವುದಿಲ್ಲವಲ್ಲ ಎಂಬುದು ದೋಷವಲ್ಲ. ಯಾವುದಾದರೂ ಕಚೇರಿಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟವರು ಅದನ್ನು ನಿಯಮವೆಂದೇ ಗುರುತಿಸುತ್ತಾರೆ.

ಫಲಶ್ರುತಿ. ಇದನ್ನು ಓದಿದವನ ಕೈಯಲ್ಲಿ ಎಲೆ ಕೊಳೆಯದು. ಕೇಳಿದವನಿಗೆ ಎಲೆ ಸಾಲ ಸಿಗುವುದು. ಈ ಮೀಮಾಂಸೆಯನ್ನು ಖಂಡಿಸಬೇಕೆನ್ನುವ ವಿದ್ವಾಂಸರೇ, ದಯವಿಟ್ಟು ನಾಳೆ ಬನ್ನಿ.