ಸವ್ಯಾಖ್ಯಾನ ಸುಶಿ ಭೋಜನ: ಒಂದು ತಾತ್ತ್ವಿಕ ಅನುಸಂಧಾನ

ಪೀಠಿಕೆ

ಟೋಕಿಯೊ ನಗರದಲ್ಲಿ ಪ್ರವಾಸಿಗರಿಗೆಂದು ಏರ್ಪಡಿಸುವ ‘ಸಾಂಪ್ರದಾಯಿಕ ಸುಶಿ ಪರಿಚಯ’ದ ಊಟಗಳನ್ನು ವಿದ್ವಲ್ಲೋಕ ತಕ್ಕ ಗಾಂಭೀರ್ಯದಿಂದ ಕಂಡಿಲ್ಲ. ಈ ಕೊರತೆಯನ್ನು ನೀಗುವ ಹೊಣೆ, ಅಂಥದೊಂದು ಊಟಕ್ಕೆ ಮುಂಗಡ ಹಣ ತೆತ್ತು, ಎದ್ದು ಹೋಗಲಾರದೆ ಕೂತಿದ್ದ ಪ್ರಸ್ತುತ ಲೇಖಕನ ಮೇಲೆ ಬಿದ್ದಿದೆ. ಲಕ್ಷಣ, ವರ್ಗೀಕರಣ, ಕಾಲವಿಚಾರ, ಪೂರ್ವಪಕ್ಷ, ಸಿದ್ಧಾಂತ ಎಂಬ ಐದು ಅಧಿಕರಣಗಳಲ್ಲಿ ವಿಷಯವನ್ನು ವಿವೇಚಿಸಲಾಗುವುದು.

1. ಲಕ್ಷಣ

ಹಸಿದವನೊಬ್ಬ ಹಣ ಕೊಟ್ಟು, ತನ್ನೆದುರಿನ ತುತ್ತನ್ನು ಇನ್ನೊಬ್ಬರ ಮಾತು ಮುಗಿಯುವ ತನಕ ಬಾಯಿಗಿಡದೆ ನೋಡುತ್ತ ಕೂರುವುದೇ ಸವ್ಯಾಖ್ಯಾನ ಸುಶಿ ಭೋಜನ. ‘ಹಸಿದವ’ ಎನ್ನದಿದ್ದರೆ ವ್ಯಾಖ್ಯಾನಕಾರರಲ್ಲಿ ಅತಿವ್ಯಾಪ್ತಿ. ಅವರು ಮೊದಲೇ ಉಂಡು ಬಂದಿರುತ್ತಾರೆ. ‘ಹಣ ಕೊಟ್ಟು’ ಎನ್ನದಿದ್ದರೆ, ಮಂತ್ರಿಗಳ ಭಾಷಣ ಮುಗಿಯಲೆಂದು ಎಲೆಯ ಮುಂದೆ ಕಾಯುವ ಸಂತರ್ಪಣೆಯ ಜನರಲ್ಲಿ ಅತಿವ್ಯಾಪ್ತಿ. ‘ಸುಶಿ’ ಎನ್ನದಿದ್ದರೆ ಯಾವ ದೋಷವೂ ಇಲ್ಲ. ಇಡೀ ಪ್ರಸಂಗದಲ್ಲಿ ಅದಕ್ಕೆ ಅಷ್ಟೇನೂ ಪಾತ್ರವಿಲ್ಲ.

2. ವ್ಯಾಖ್ಯಾನಕಾರ ವರ್ಗೀಕರಣ

ವ್ಯಾಖ್ಯಾನಕಾರರು ಒಂಬತ್ತು ಬಗೆ.

(ಅ) ಆದಿಮೂಲವಾದಿ: ಇವರು ಬಿವಾ ಸರೋವರದಿಂದ ಹೊರಡುತ್ತಾರೆ. ಅಲ್ಲಿ ಮೀನಿಗೆ ಉಪ್ಪು ಹಾಕಿ, ಅನ್ನದಲ್ಲಿ ಹುದುಗಿಸಿ ತಿಂಗಳುಗಟ್ಟಲೆ ಹುಳಿಬರಿಸುವ ಫುನಾಜುಶಿ ಎಂಬ ಹಳೆಯ ಪದ್ಧತಿಯಿದೆ. ಹುಳಿಬಂದ ಅನ್ನವನ್ನು ಸಾಮಾನ್ಯವಾಗಿ ಬಿಸಾಡಿ ಮೀನನ್ನು ತಿನ್ನುತ್ತಿದ್ದರು. ವ್ಯಾಖ್ಯಾನ ಕೂಡ ಅದೇ ವೇಗದಲ್ಲಿ ಹುಳಿಯುತ್ತದೆ.

(ಆ) ನಿಷೇಧವಾದಿ: ಅನ್ನದ ಭಾಗವನ್ನು ಸೋಯಾದಲ್ಲಿ ಅದ್ದಬಾರದು. ಶುಂಠಿಯನ್ನು ಸುಶಿಯ ಮೇಲೇರಿಸಬಾರದು. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಬಾರದು. ಅದು ಶವಸಂಸ್ಕಾರದಲ್ಲಿ ಮೂಳೆ ಆಯುವ ಕ್ರಮ. ಎಲ್ಲವೂ ನಿಜವೇ. ಆದರೆ ತುತ್ತನ್ನೇ ಎತ್ತಲು ಬಿಡದವರು ಕಡ್ಡಿಯ ಶಿಷ್ಟಾಚಾರ ಹೇಳುವುದರಲ್ಲಿ ಒಂದು ವ್ಯಾಘಾತವಿದೆ.

(ಇ) ತಪೋವಾದಿ: ಶಿಷ್ಯನಾದವನು ವರ್ಷಗಟ್ಟಲೆ ಅಕ್ಕಿ ತೊಳೆದ ಮೇಲಷ್ಟೇ ಮೀನಿಗೆ ಚಾಕು ಹಾಕುತ್ತಾನೆಂದು ಕಣ್ಣು ಅರೆಮುಚ್ಚಿ ಹೇಳುವವರು. ಆ ಶಿಷ್ಯ ಅಲ್ಲೇ ನಿಂತು ನಮ್ಮ ಟೀ ಲೋಟ ತುಂಬುತ್ತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.

(ಈ) ಅನುಭೂತಿವಾದಿ: ‘ಮೀನಿನ ಮೌನದೊಂದಿಗೆ ಮುಖಾಮುಖಿಯಾಗಿ’ ಎನ್ನುವವರು.

ಉಳಿದ ಐದು ಬಗೆಗಳನ್ನು ಕೈಬಿಡಲಾಗಿದೆ. ಎಲ್ಲರೂ ಒಬ್ಬರೇ, ಗಂಟೆ ಕಳೆದಂತೆ ವಾದ ಬದಲಾಗುತ್ತದೆ, ಅಷ್ಟೆ.

3. ಕಾಲವಿಚಾರ

ನಿಗಿರಿ, ಎಂದರೆ ಕೈಯಲ್ಲಿ ಒತ್ತಿದ ಅನ್ನದ ಮೇಲೆ ಮೀನಿನ ಹೋಳು ಕೂರಿಸಿದ ಸುಶಿ, ಸ್ವಭಾವತಃ ಕ್ಷಣಿಕವಾದಿ. ಬಾಣಸಿಗರು ವಿನೆಗರ್ ಬೆರೆತ ನೀರಲ್ಲಿ ಬೆರಳದ್ದಿ, ಅಂಗೈ ತಟ್ಟಿಕೊಂಡು, ಮೈಶಾಖದಷ್ಟೇ ಬೆಚ್ಚಗಿರುವ ಅನ್ನವನ್ನು ಮರದ ಪಾತ್ರೆಯಿಂದ ತೆಗೆದರು. ಮೀನಿನ ಹೋಳಿಗೆ ಬೆರಳ ತುದಿಯಷ್ಟು ವಸಾಬಿ ಸವರಿ, ಅನ್ನ ಕೂಡಿಸಿ, ಒತ್ತಿ, ಹೊರಳಿಸಿ, ಮತ್ತೆ ಒತ್ತಿ, ಮೇಲೆ ಕುಂಚದಲ್ಲಿ ಸೋಯಾ ಬಳಿದು ನನ್ನ ಮುಂದಿಟ್ಟರು. ಒಳಗೆ ಗಾಳಿ ಉಳಿಯುವಂತೆ ಹದವಾಗಿ ಒತ್ತಿದ ತುತ್ತು, ಇಟ್ಟ ಮೇಲೆ ಕೂದಲೆಳೆಯಷ್ಟು ಕುಸಿದು ಕೂರುತ್ತದೆ. ತಿನ್ನಬೇಕಾದದ್ದು ಆಗ. ಸರಿಯಾಗಿ ಆಗಲೇ ವ್ಯಾಖ್ಯಾನಕಾರರು ಕೈ ಎತ್ತಿ ‘ದಯವಿಟ್ಟು, ಇನ್ನೂ ಬೇಡ’ ಎಂದರು.

ಮೀನಿನ ಮೇಲಿನ ಹೊಳಪು ಆರಿತು. ಮುಂದೆ ಬಂದ ಉನಿಯ (ಸೀ ಅರ್ಚಿನ್) ಸುತ್ತಲಿನ ನೋರಿ (ಕಡಲಕಳೆಯ ಹಾಳೆ), ಬರುವಾಗ ಗರಿಗರಿಯಾಗಿದ್ದದ್ದು, ಮಾತು ಮುಗಿಯುವಷ್ಟರಲ್ಲಿ ತೊಯ್ದು ಜೋತುಬಿತ್ತು. ಬಾಣಸಿಗರು ಒಮ್ಮೆ ತುತ್ತನ್ನು ನೋಡಿದರು, ಒಮ್ಮೆ ವ್ಯಾಖ್ಯಾನಕಾರರನ್ನು. ಆಮೇಲೆ ಆಗಲೇ ಒರೆಸಿದ್ದ ಹಲಗೆಯನ್ನು ಮತ್ತೊಮ್ಮೆ ಒರೆಸಿದರು.

4. ಪೂರ್ವಪಕ್ಷ

‘ಅರಿತು ಉಂಡರಲ್ಲವೆ ರುಚಿ? ಪರಂಪರೆ ಗೊತ್ತಿಲ್ಲದವನಿಗೆ ಸುಶಿ ಏಕೆ?’ ಎಂಬುದು ಆಕ್ಷೇಪ.

ಯಾವ ಪರಂಪರೆ ಸ್ವಾಮಿ? ಈ ನಿಗಿರಿಯನ್ನು ಬಳಕೆಗೆ ತಂದವನೆಂದು ಹೆಸರಾದ ಹನಾಯಾ ಯೋಹೆ 1820ರ ದಶಕದ ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ವ್ಯಾಪಾರಿ. ಆಗ ನಿಗಿರಿಯೆಂದರೆ ಬೀದಿಯಂಗಡಿಯ ತಿಂಡಿ. ಕೆಲಸ ಮುಗಿಸಿದವರು, ಸಾರ್ವಜನಿಕ ಸ್ನಾನದ ಮನೆಯಿಂದ ಹೊರಟವರು ನಿಂತಲ್ಲೇ ಕೈಯಲ್ಲಿ ಎತ್ತಿ ತಿಂದು, ಕಾಸಿಟ್ಟು ನಡೆದುಬಿಡುತ್ತಿದ್ದರು. ಯಾರೂ ಅವರಿಗೆ ಅನುಭೂತಿ ಹಂಚಲಿಲ್ಲ. ಈಗ ನೀವು ಪಿಸುದನಿಯಲ್ಲಿ ಪರಿಚಯಿಸುವ ಟ್ಯೂನಾದ ಕೊಬ್ಬಿನ ಭಾಗವನ್ನು ಐಸ್‌ಪೆಟ್ಟಿಗೆಗಳಿಲ್ಲದ ಕಾಲದಲ್ಲಿ ಬೆಕ್ಕೂ ಮೂಸದೆಂದು ಎಸೆಯುತ್ತಿದ್ದರು. ಹಸಿ ಸಾಲ್ಮನ್ ಸುಶಿಗೆ ಬಂದದ್ದು 1980ರ ದಶಕದಲ್ಲಿ ನಾರ್ವೆಯ ಮೀನು ಮಾರಾಟಗಾರರ ಒತ್ತಾಯದಿಂದ. ಎರಡನೆಯ ಮಹಾಯುದ್ಧ ಮುಗಿದು ಅಕ್ಕಿಗೆ ರೇಷನ್ ಇದ್ದಾಗ, 1947ರಲ್ಲಿ, ಟೋಕಿಯೊದ ಗಿರಾಕಿ ಮನೆಯಿಂದ ಒಂದು ಅಳತೆ ಅಕ್ಕಿ ತಂದು ಕೊಟ್ಟರೆ ಅಂಗಡಿಯವರು ಕೂಲಿ ಪಡೆದು ಹತ್ತು ಸುಶಿ ಮಾಡಿಕೊಡುತ್ತಿದ್ದರು. ಹಸಿವು, ಅಕ್ಕಿ, ಕೂಲಿ: ಪರಂಪರೆ ಇದು. ಇದನ್ನು ಮಾತ್ರ ಆ ಸಂಜೆ ಯಾರೂ ಹೇಳಲಿಲ್ಲ.

5. ಸಿದ್ಧಾಂತ

ಹೇಳದೆ ಬಿಟ್ಟದ್ದು ಇನ್ನೊಂದಿದೆ. ಎದೊ ಶೈಲಿಯ ಸುಶಿಗೆ ಮೀನು ಬರುತ್ತಿದ್ದದ್ದು ಊರ ಮುಂದಿನ ಕೊಲ್ಲಿಯಿಂದಲೇ. ಕೊಹಾದಾ ಎಂಬ ಪುಟ್ಟ ಮೀನು ಅಲ್ಲಿಯದು, ಅನಾಗೊ ಎಂಬ ಕಡಲ ಹಾವುಮೀನು ಅಲ್ಲಿಯದು, ಚಿಪ್ಪುಮೀನು ಅಲ್ಲಿಯದು. ಅದೇ ಕೊಲ್ಲಿಯ ಓಮೊರಿ ತೀರದಲ್ಲಿ ತಲೆಮಾರುಗಳ ಕಾಲ ನೋರಿ ಬೆಳೆದರು. ಕಾರ್ಖಾನೆಯ ಕೊಳೆ ನೀರಿಗಿಳಿಯಿತು. ಬಂದರಿಗೆ, ವಿಮಾನ ನಿಲ್ದಾಣಕ್ಕೆ, ಕೈಗಾರಿಕೆಗೆಂದು ಕೊಲ್ಲಿಗೆ ಮಣ್ಣು ಬಿತ್ತು. 1962ರಲ್ಲಿ ಟೋಕಿಯೊದ ಮೀನುಗಾರರು ಪರಿಹಾರ ಪಡೆದು ಒಳಕೊಲ್ಲಿಯ ಮೀನುಗಾರಿಕೆ ಹಕ್ಕನ್ನೇ ಬಿಟ್ಟುಕೊಟ್ಟರು. ಕೊಲ್ಲಿಯಲ್ಲಿ ಈಗಲೂ ಅಷ್ಟಿಷ್ಟು ಮೀನು ಸಿಗುತ್ತದೆ. ಆದರೆ ಆ ಬದುಕು ಹೋಯಿತು. 2018ರಲ್ಲಿ ತ್ಸುಕಿಜಿಯಿಂದ ತೆರಳಿದ ದೊಡ್ಡ ಮೀನು ಮಾರುಕಟ್ಟೆ ಈಗ ತೊಯೊಸುವಿನಲ್ಲಿದೆ. ಅದೂ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲ. ಅಲ್ಲಿ ಮೊದಲು ಗ್ಯಾಸ್ ಕಾರ್ಖಾನೆಯಿತ್ತು, ನೆಲದಲ್ಲಿ ವಿಷ ಉಳಿದಿತ್ತು, ಆ ಕಾರಣಕ್ಕೇ ಸ್ಥಳಾಂತರ ತಡವಾಯಿತು.

ಮೀನಿನ ಮೌನದ ಬಗ್ಗೆ ಅಷ್ಟು ಮಾತಾಡಿದವರು ಮೀನಿದ್ದ ನೀರಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಪರಂಪರೆ ಎಂದು ಕೈಮುಗಿಸುವುದು ಸುಲಭ. ಅದನ್ನು ಯಾರು ಯಾವ ಬೆಲೆಗೆ ಕೊಂಡರು ಎಂದು ಹೇಳಹೊರಟರೆ ಗಿರಾಕಿಯ ಹಸಿವು ಇಂಗೀತೆಂಬ ಭಯ. ಇಂಗುವುದಿಲ್ಲ. ಹಸಿದವನು ಅಷ್ಟು ಸೂಕ್ಷ್ಮಜೀವಿಯಲ್ಲ.

ಆದ್ದರಿಂದ ನಿರ್ಣಯ: ವ್ಯಾಖ್ಯಾನ ಬೇಡವೆಂದಲ್ಲ. ಮೊದಲು ತಿನ್ನಲು ಬಿಡಿ. ತಟ್ಟೆ ಎತ್ತಿದ ಮೇಲೆ, ಟೀ ಬಂದ ಮೇಲೆ, ಆ ಕೊಲ್ಲಿಯ ಕಥೆಯನ್ನು ಎಷ್ಟು ಹೊತ್ತು ಬೇಕಾದರೂ ಹೇಳಿ. ಕೇಳಲು ಕೂರುತ್ತೇವೆ, ಅದಕ್ಕೆ ಬೇರೆ ಹಣ ಕೇಳಿದರೂ ಕೊಡುತ್ತೇವೆ.